ಪಟದ ಬೆನ್ನಿನ ಬರಹ

ಈಚೆಗೆ ನಮ್ಮ ನಾಡಿನಲ್ಲಿ ಮನೆತನದ ಸ್ಮರಣ ಸಂಚಿಕೆಗಳನ್ನು ಹೊರತರುವ ರೂಢಿ ಬಹಳವಾಗಿ ಬೆಳೆದಿದೆ. ತಾತನ ಜನ್ಮಶತಾಬ್ದಿ, ತಂದೆಯವರ ಸಹಸ್ರಚಂದ್ರದರ್ಶನ, ಮೂಲಮನೆಯ ಜೀರ್ಣೋದ್ಧಾರ, ಇವುಗಳಲ್ಲಿ ಯಾವುದಾದರೊಂದು ನೆಪ ದೊರೆತರೆ ಸಾಕು. ನುಣುಪು ಕಾಗದದ ಮೇಲೆ ನೂರಿನ್ನೂರು ಪುಟಗಳ ಪುಸ್ತಕವೊಂದು ಸಿದ್ಧವಾಗುತ್ತದೆ. ಮೊದಲಿಗೆ ಕುಲದೇವತೆಯ ಚಿತ್ರ, ಆಮೇಲೆ ವಂಶವೃಕ್ಷ, ಆಮೇಲೆ ಹಿರಿಯರ ಭಾವಚಿತ್ರಗಳು, ನಡುನಡುವೆ ಮಕ್ಕಳು ಮೊಮ್ಮಕ್ಕಳು ಬರೆದ ನೆನಪುಗಳು. ಇವು ಅಂಗಡಿಗೆ ಬರುವುದಿಲ್ಲ, ವಿಮರ್ಶಕರ ಕಣ್ಣಿಗೆ ಬೀಳುವುದಿಲ್ಲ. ನೆಂಟರಿಷ್ಟರ ಮನೆಯ ಕಪಾಟುಗಳಲ್ಲಿ ವಿಶ್ರಮಿಸಿಕೊಳ್ಳುತ್ತವೆ. ಕನ್ನಡದ ಮೇಷ್ಟರೆಂಬ ಒಂದೇ ಕಾರಣಕ್ಕೆ ಇಂಥ ಪುಸ್ತಕಗಳ ಕರಡು ತಿದ್ದುವ ಕೆಲಸ ಆಗಾಗ ನನ್ನ ಪಾಲಿಗೆ ಬರುವುದರಿಂದ, ಏಳೆಂಟನ್ನಾದರೂ ಅಕ್ಷರ ಬಿಡದೆ ಓದಿದ್ದೇನೆ. ಓದುತ್ತ ಆಕಳಿಸಿದ್ದೂ ಉಂಟು. ಒಂದೊಂದು ಪುಟ ದಿನಗಟ್ಟಲೆ ಮನಸ್ಸಿನಿಂದ ಇಳಿಯದೆ ಉಳಿದದ್ದೂ ಉಂಟು.

ಇವನ್ನು ಸಾಹಿತ್ಯವಲ್ಲವೆಂದು ತಳ್ಳಿಬಿಡುವುದು ಸುಲಭ. ಹಾಗೆ ತಳ್ಳುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಒಂದು ಸೀಮೆಯ ಚರಿತ್ರೆಯನ್ನು ಬರೆಯುವವನಿಗೆ ಶಾಸನ, ಕೈಫಿಯತ್ತು, ಸರ್ಕಾರಿ ಕಡತ, ಗ್ಯಾಸೆಟಿಯರುಗಳು ಆಧಾರ ಎಂಬುದು ನಿರ್ವಿವಾದ. ಆದರೆ ಅವುಗಳಲ್ಲಿ ಅರಸರಿದ್ದಾರೆ, ಅಮಲ್ದಾರರಿದ್ದಾರೆ, ಕಂದಾಯವಿದೆ; ಸಂಜೆ ಜಗಲಿಯ ಮೇಲೆ ಕುಳಿತು ಅಡಕೆ ಸುಲಿಯುತ್ತಿದ್ದವರಿಲ್ಲ. ಅವರು ಎಲ್ಲಾದರೂ ಇದ್ದರೆ ಮನೆಯ ಟ್ರಂಕಿನ ತಳದಲ್ಲಿರುವ ಹಳೆಯ ಫೋಟೋಗಳಲ್ಲಿದ್ದಾರೆ, ಮನೆಯ ಅಜ್ಜಿ ಹೇಳುವ ಮಾತಿನಲ್ಲಿದ್ದಾರೆ. ಇಂಥ ಪುಸ್ತಕಗಳು ಆ ಎರಡನ್ನೂ ಮುದ್ರಣಕ್ಕೆ ತರುತ್ತಿರುವುದರಿಂದ ಅವು ಹೇಗೆ ತರುತ್ತಿವೆ ಎಂಬುದನ್ನು ಪರೀಕ್ಷಿಸುವುದು ವಿಮರ್ಶೆಯ ಕೆಲಸವೇ ಸರಿ.

ಊರು ಇದ್ದಲ್ಲಿಯೇ ಇದ್ದರೆ ಈ ವಿಷಯದಲ್ಲಿ ಅಷ್ಟು ಅವಸರವಿಲ್ಲ. ಮನೆ ಬಿದ್ದರೂ ಪಾಯ ಉಳಿದಿರುತ್ತದೆ, ಕೆರೆ ಇರುತ್ತದೆ, ದೇವಸ್ಥಾನದ ಗೋಡೆಯಲ್ಲಿ ಕಲ್ಲಿರುತ್ತದೆ. ಭೂಮಿಯೇ ಕಣ್ಣಿಗೆ ಮರೆಯಾದ ಸೀಮೆಗೆ ಏನು ಗತಿ? ಇದು ಅಲಂಕಾರಕ್ಕೆ ಆಡಿದ ಮಾತಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ತಾಲ್ಲೂಕುಗಳ ಶರಾವತಿ ಕಣಿವೆಯನ್ನು ನೆನೆಸಿಕೊಳ್ಳಬಹುದು. ಜೋಗದ ಮೊದಲ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. ಅದಕ್ಕೆ ನೀರು ಕೂಡಿಡಲು ಮಡೆನೂರಿನ ಬಳಿ ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು. ನಾಡಿಗೆ ಅಷ್ಟು ವಿದ್ಯುತ್ತು ಸಾಲದಾಯಿತು. 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಮುಗಿಯಿತು. ಅದರ ಪೂರ್ಣಮಟ್ಟ ಸಮುದ್ರಕ್ಕಿಂತ 1819 ಅಡಿ ಎತ್ತರ. ಹಿಡಿಯುವ ನೀರು ಸುಮಾರು 151 ಟಿಎಂಸಿ. ಆ ನೀರು ಏರಿ ಬಂದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿಹೋಯಿತು. ಕಲ್ಲುಗಾರೆಯ ಅಣೆಕಟ್ಟೆ ಮುಳುಗಿದ ಮೇಲೆ ಅಡಕೆಯ ತೋಟ, ಬತ್ತದ ಗದ್ದೆ, ಮಣ್ಣಿನ ಮನೆ, ಭೂತದ ಕಟ್ಟೆಗಳ ಮಾತೇನು? ನಮ್ಮ ಬೆಂಗಳೂರು ಮೈಸೂರುಗಳ ಓದುಮೇಜಿನ ದೀಪಗಳು ದಶಕಗಳ ಕಾಲ ಮುಖ್ಯವಾಗಿ ಉರಿದದ್ದು ಆ ನೀರಿನಿಂದ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಆ ಕಣಿವೆಯ ಜನ ಇಂದಿಗೂ ಕಾಲವನ್ನು ಎರಡಾಗಿ ಎಣಿಸುತ್ತಾರೆ: ಮುಳುಗಡೆಗೆ ಮುಂಚೆ, ಮುಳುಗಡೆಯ ಮೇಲೆ. ಅಣೆಕಟ್ಟು ಮುಗಿದಾಗ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಹಳೆಯ ಊರನ್ನು ಕಣ್ಣಾರೆ ಕಂಡು, ಇದು ನಮ್ಮ ಹಿತ್ತಿಲು, ಇದು ದಣಪೆ, ಇವನು ಇಂಥವನ ಮಗ ಎಂದು ಪಟದ ಮೇಲೆ ಬೆರಳಿಟ್ಟು ತೋರಿಸಬಲ್ಲವರ ಸಂಖ್ಯೆ ವರ್ಷವರ್ಷಕ್ಕೆ ಇಳಿಯುತ್ತಿದೆ. ನಾನು ಕರಡು ತಿದ್ದಿದ ಪುಸ್ತಕಗಳಲ್ಲಿ ಎರಡು ಈ ಸೀಮೆಯ ಮನೆತನಗಳವು. ಇನ್ನುಳಿದವುಗಳಲ್ಲಿ ಮೂಲಮನೆಯ ಚಿತ್ರ ಒಂದು ಅಲಂಕಾರವಾಗಿದ್ದರೆ, ಈ ಎರಡರಲ್ಲಿ ಅದು ಮನೆಯ ಬದಲಿಗೆ ಉಳಿದಿರುವ ಏಕಮಾತ್ರ ವಸ್ತು.

ಇಷ್ಟು ಗುರುತರವಾದ ಸಾಮಗ್ರಿಯನ್ನು ನಾವು ಹೇಗೆ ಬಳಸುತ್ತಿದ್ದೇವೆ? ಪಟದ ಕೆಳಗಿನ ಒಕ್ಕಣೆಯನ್ನು ನೋಡಿದರೆ ಸಾಕು. “ಎಡದಿಂದ ಬಲಕ್ಕೆ, ಕುಳಿತವರು” ಎಂದು ಆರಂಭ, ಐದಾರು ಹೆಸರು. “ನಿಂತವರು” ಎಂದು ಮುಂದುವರಿಕೆ. ಇನ್ನು ನಾಲ್ಕು ಹೆಸರು. ನೆಲದ ಮೇಲೆ ಕುಳಿತ ಮಕ್ಕಳು ಒಟ್ಟಾಗಿ “ಮಕ್ಕಳು”. ಹೆಂಗಸರು ಬಹುಪಾಲು ಇಂಥವರ ಧರ್ಮಪತ್ನಿ. ಇದು ಶಾಲೆಯ ವಾರ್ಷಿಕೋತ್ಸವದ ಗುಂಪುಚಿತ್ರಕ್ಕೆ ಸಾಕಾಗುವ ಒಕ್ಕಣೆ. ಯಾವ ಊರು, ಯಾವ ವರ್ಷ, ಯಾರು ತೆಗೆದದ್ದು, ಆ ದಿನ ಏನು ನಡೆದಿತ್ತು, ಹಿಂದೆ ಕಾಣುವ ಕಂಬ ಯಾರ ಮನೆಯದು, ಇವೊಂದೂ ಇಲ್ಲ. ಮುಂದಿನ ಪುಟದಲ್ಲಿ ಮೊಮ್ಮಗನೊಬ್ಬನ ಲೇಖನ: ಅಜ್ಜ ಸತ್ಯಸಂಧರು, ಅತಿಥಿಸತ್ಕಾರಪರರು, ಶಿಸ್ತಿನ ಸಿಪಾಯಿ. ಎಲ್ಲ ಮನೆಗಳ ಅಜ್ಜಂದಿರೂ ಈ ಮೂರು ಗುಣಗಳಲ್ಲಿ ಸಮಾನರೆಂದು ಕಾಣುತ್ತದೆ! ಒಂದು ಪುಸ್ತಕದ ಅಜ್ಜನನ್ನು ಇನ್ನೊಂದು ಪುಸ್ತಕಕ್ಕೆ ದತ್ತು ಕೊಟ್ಟರೂ ಓದುಗರಿಗೆ ತಿಳಿಯಲಾರದು.

ನಾಲ್ಕಾರು ವರ್ಷಗಳ ಕೆಳಗೆ ನಮ್ಮ ಪದವಿ ತರಗತಿಗೆ ನಾನೊಂದು ಅಭ್ಯಾಸವನ್ನು ಕೊಟ್ಟೆ. ಮನೆಯಿಂದ ಒಂದು ಹಳೆಯ ಪಟವನ್ನು ತರಬೇಕು. ಅದರಲ್ಲಿರುವವರೊಬ್ಬರನ್ನು ಕುರಿತು, ಪಟದಲ್ಲಿ ಕಾಣದ ಸಂಗತಿಯನ್ನು ಎರಡು ಪುಟ ಬರೆಯಬೇಕು. ಮನೆಯ ಹಿರಿಯರನ್ನು ಕೇಳಿ ಬರೆಯಬೇಕೇ ಹೊರತು ಕಲ್ಪಿಸಿ ಬರೆಯಕೂಡದು. ವಿದ್ಯಾರ್ಥಿನಿಯೊಬ್ಬಳು ತಂದದ್ದು ಮದುವೆಯ ಗುಂಪುಚಿತ್ರ. ಬೆನ್ನಿನ ಮೇಲೆ ಸೀಸದಕಡ್ಡಿಯಲ್ಲಿ 1959 ಎಂದಿತ್ತು. ಹಿನ್ನೆಲೆಯಲ್ಲಿ ಅಡಕೆಯ ದಬ್ಬೆಯ ಚಪ್ಪರ. ಆಚೆಗೆ ಒಂದಿಷ್ಟು ತೋಟ. ಆ ಮನೆ, ಆ ತೋಟ ಎರಡೂ ನೀರಿನ ಕೆಳಗಿವೆ. ಅದೇ ಪಟ ಅವರ ಮನೆತನದ ಸಂಚಿಕೆಯಲ್ಲಿಯೂ ಅಚ್ಚಾಗಿತ್ತು. ಅವಳು ಎರಡನ್ನೂ ತಂದಿದ್ದಳು. ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಒಂದು ವ್ಯತ್ಯಾಸ ಕಂಡಿತು. ಮೂಲಪಟದ ಬಲತುದಿಯಲ್ಲಿ, ಚಪ್ಪರದ ಕಂಬಕ್ಕೆ ತಾಗಿದಂತೆ, ಒಬ್ಬ ಗಂಡಸು ನಿಂತಿದ್ದಾನೆ. ಮೈಮೇಲೆ ಕಂಬಳಿ, ತಲೆಗೆ ಹಾಳೆಯ ಟೊಪ್ಪಿ. ಅವನ ದೃಷ್ಟಿ ಕ್ಯಾಮರಾದ ಕಡೆಗಿಲ್ಲ, ಕುಳಿತವರ ಕಡೆಗಿದೆ. ಅಚ್ಚಿನಲ್ಲಿ ಅವನಿಲ್ಲ. ಪುಟಕ್ಕೆ ಹೊಂದಲೆಂದು ಅಂಚನ್ನು ಕತ್ತರಿಸಿದ್ದಾರೆ.

ಕತ್ತರಿಸಿದವರಿಗೆ ಯಾವ ದುರುದ್ದೇಶವೂ ಇರಲಿಲ್ಲವೆಂದು ನಾನು ಒಪ್ಪುತ್ತೇನೆ. ಅಚ್ಚುಕೂಟದ ಹುಡುಗ ಮಾಡಿದ ಕೆಲಸವಿರಬಹುದು. ಅವನು ಯಾರು ಎಂದು ಹುಡುಗಿ ತನ್ನ ಅಜ್ಜಿಯನ್ನು ಕೇಳಿದಳು. ಅಜ್ಜಿಗೆ ಹೆಸರು ಒಡನೆ ನೆನಪಾಯಿತಂತೆ. ಅವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು. ಮಳೆಗಾಲದಲ್ಲಿ ಹೊಳೆ ದಾಟಿಸುವ ದೋಣಿಯೂ ಅವನದೇ. ಮದುವೆಯ ದಿಬ್ಬಣವನ್ನು ಆಚೆ ದಡದಿಂದ ಕರೆತಂದವನೂ ಅವನೇ. ಈಚಲು ಚಾಪೆ, ಹಿತ್ತಾಳೆಯ ಹಂಡೆ, ಮದುಮಗಳು ಎಲ್ಲವೂ ಅವನ ದೋಣಿಯಲ್ಲಿ ಬಂದವು. ಐದು ವರ್ಷಗಳ ತರುವಾಯ ನೀರು ಬಂತು. ಇವರಿಗೆ ತೋಟಕ್ಕೂ ಮನೆಗೂ ಪರಿಹಾರ ಸಿಕ್ಕಿತು, ಬೇರೆ ತಾಲ್ಲೂಕಿಗೆ ಹೋದರು. ಅವನಿಗೇನು ಸಿಕ್ಕಿತು ಎಂದು ಹುಡುಗಿ ಕೇಳಿದ್ದಾಳೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ ಎಲ್ಲಿಗೆ ಹೋದ ಹೇಳಿ ನಾವು ವಿಚಾರಿಸಲೇ ಇಲ್ಲೆ” ಎಂದರಂತೆ. ಹುಡುಗಿ ಅಷ್ಟನ್ನೇ ಬರೆದು ಲೇಖನವನ್ನು ನಿಲ್ಲಿಸಿದ್ದಳು. ಆ ಎರಡು ಪುಟಗಳ ಮುಂದೆ ಇನ್ನೂರು ಪುಟಗಳ ಸಂಚಿಕೆ ನನಗೆ ತೀರ ಹಗುರವಾಗಿ ಕಂಡಿತು. ಕಣಿವೆಯ ಚರಿತ್ರೆ ಇದ್ದದ್ದು ಕತ್ತರಿಸಿದ ಅಂಚಿನಲ್ಲಿ; ಅದನ್ನು ಬಿಡಿಸಿ ತೋರಿಸಿದ್ದು ಅಜ್ಜಿಯ ಮಾತು.

ನನ್ನ ವಾದವೆಲ್ಲ ಇಷ್ಟೆ. ಛಾಯಾಚಿತ್ರ ತನ್ನಷ್ಟಕ್ಕೆ ತಾನು ಚರಿತ್ರೆಯಲ್ಲ. ಅದು ಮನೆಯವರು ತಮ್ಮನ್ನು ತಾವು ಹೇಗೆ ತೋರಿಸಿಕೊಳ್ಳಬಯಸಿದ್ದರೋ ಅದರ ದಾಖಲೆ. ಹತ್ತಿಪ್ಪತ್ತು ಮೈಲಿ ನಡೆದು ಪೇಟೆಯ ಸ್ಟುಡಿಯೋಗೆ ಹೋಗಿ, ಬಣ್ಣದ ಪರದೆಯ ಮುಂದೆ, ಎರವಲು ಕೋಟು ತೊಟ್ಟು, ಉಸಿರು ಬಿಗಿಹಿಡಿದು ಕುಳಿತವನು ತನ್ನ ದಿನನಿತ್ಯದ ಬಾಳನ್ನು ತೋರಿಸಲು ಕುಳಿತವನಲ್ಲ. ಆ ಪಟವನ್ನು ಬಾಳಿಗೆ ಜೋಡಿಸುವುದಕ್ಕೆ ಬಲ್ಲವರ ಮಾತು ಬೇಕು; ಆ ಮಾತನ್ನು ಬರೆಯುವವನು ಹೊಗಳಿಕೆಯ ಆಸೆಯನ್ನು ಬಿಟ್ಟು ಬರೆಯಬೇಕು. ಇಲ್ಲವಾದರೆ ನಾವು ಉಳಿಸುವುದು ಸೀಮೆಯ ಚರಿತ್ರೆಯನ್ನಲ್ಲ, ಫೋಟೋ ತೆಗೆಸುವಷ್ಟು ಅನುಕೂಲವಿದ್ದ ಕೆಲವು ಮನೆಗಳ ಗೋಡೆಗಳನ್ನು.

ಇದೇ ಸಾಗರ ಸೀಮೆಯಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಗೇಣಿಯ ಬತ್ತವನ್ನು ಅಳೆಯುವ ಕೊಳಗದ ಅಳತೆಯಿಂದ ಹುಟ್ಟಿದ ವ್ಯಾಜ್ಯ ಒಡೆಯರಿಗೂ ಗೇಣಿದಾರರಿಗೂ ನಡುವಣ ದೊಡ್ಡ ಹೋರಾಟವಾಗಿ, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಅದಕ್ಕೆ ಬೆನ್ನಾಗಿ, ರಾಮಮನೋಹರ ಲೋಹಿಯಾ ಅವರೇ ಇಲ್ಲಿಗೆ ಬಂದು ದಸ್ತಗಿರಿಯಾದದ್ದು ಎಲ್ಲರಿಗೂ ತಿಳಿದ ಸಂಗತಿ. ಆ ಕಾಲದ ಮನೆತನಗಳ ಆಲ್ಬಮುಗಳಲ್ಲಿ ಇದರ ಸುಳಿವಿದೆಯೇ ಎಂದು ನಾನು ಹುಡುಕಿದ್ದೇನೆ. ಉಪನಯನವಿದೆ, ಸತ್ಯನಾರಾಯಣ ವ್ರತವಿದೆ, ಹೊಸ ಮೋಟಾರಿನ ಮುಂದೆ ನಿಂತ ಭಾವಮೈದುನರಿದ್ದಾರೆ; ಕೊಳಗವಿಲ್ಲ. ಇರುವುದೂ ಸಾಧ್ಯವಿಲ್ಲ. ಜಗಳವನ್ನು ಯಾರೂ ಫೋಟೋ ತೆಗೆಸಿ ಕಟ್ಟು ಹಾಕಿಸುವುದಿಲ್ಲ. ಆದರೆ ಅದೇ ಮನೆಗಳ ಹಿರಿಯರನ್ನು ಮಾತಿಗೆಳೆದರೆ, ಆ ವರ್ಷ ಕೊಯ್ಲಿಗೆ ಆಳು ಬರಲಿಲ್ಲವೆಂದೋ, ಇಂಥವರ ಮನೆಯ ಮದುವೆಗೆ ಹೋಗಲಿಲ್ಲವೆಂದೋ ತಾವಾಗಿಯೇ ಹೇಳುತ್ತಾರೆ. ಪಟ ಮುಚ್ಚಿಟ್ಟದ್ದನ್ನು ಬಾಯಿ ಬಿಟ್ಟುಕೊಡುತ್ತದೆ.

ಅದೇ ಅಭ್ಯಾಸಕ್ಕೆ ಇನ್ನೊಬ್ಬ ವಿದ್ಯಾರ್ಥಿ ಪಟವನ್ನೇ ತರಲಿಲ್ಲ. ಪಡಿತರ ಚೀಟಿಗೆಂದು ತೆಗೆಸಿದ ಫೋಟೋಕ್ಕಿಂತ ಹಿಂದಿನದು ತಮ್ಮ ಮನೆಯಲ್ಲಿ ಇಲ್ಲವೆಂದ. ಸರಿ, ಪಟವಿಲ್ಲದೆಯೇ ಬರೆ ಎಂದೆ. ಅವನ ಅಜ್ಜಿ ಮುಳುಗಡೆಯ ಊರಿನಿಂದ ಹೊರಡುವಾಗ ಬೀಸುವ ಕಲ್ಲಿನ ಮೇಲಿನ ಹೋಳನ್ನು ಮಾತ್ರ ಹೊತ್ತು ತಂದಳಂತೆ. ಕೆಳಗಿನದು ಭಾರವೆಂದು ಅಲ್ಲಿಯೇ ಉಳಿಯಿತು. ಮೇಲಿನ ಹೋಳು ಈಗಲೂ ಬಾಗಿಲ ಬಳಿ ಮೆಟ್ಟಿಲಾಗಿದೆ. ಅರ್ಧ ಬೀಸುವ ಕಲ್ಲಿನಿಂದ ಅವನು ಇಡೀ ವಲಸೆಯನ್ನು ಬರೆದಿದ್ದ. ಆ ಹೊತ್ತಿಗೆ ನನಗೆ ಸಿದ್ಧಲಿಂಗಯ್ಯನವರ ‘ಊರುಕೇರಿ’ ನೆನಪಾಯಿತು. ಆಲ್ಬಮಿಲ್ಲದ ಕೇರಿಯ ಆತ್ಮಕಥನ ಅದು. ಅಲ್ಲಿ ಮಾತೇ ಪಟವಾಗಬೇಕಾಗಿತ್ತು, ಆಗಿದೆ. ಬಡತನವನ್ನು ಕುರಿತು ನಗುತ್ತ ಬರೆದರೆಂದು ಕೆಲವರು ಆಕ್ಷೇಪಿಸಿದ್ದಾರೆ. ನನಗಾದರೋ ಆ ನಗುವಿನಿಂದಲೇ ಅಲ್ಲಿಯ ಮನುಷ್ಯರ ಮುಖ ಒಂದೊಂದೂ ಬೇರೆಬೇರೆಯಾಗಿ ಕಾಣುತ್ತದೆ. ಮುಖ ಬೇರೆಯಾಗಿ ಕಾಣುವುದಕ್ಕಿಂತ ಹೆಚ್ಚಿನದೇನನ್ನು ಛಾಯಾಗ್ರಾಹಕನಾದರೂ ಮಾಡಬಲ್ಲ?

ಕನ್ನಡದಲ್ಲಿ ಈ ವಿದ್ಯೆಗೆ ದೊಡ್ಡ ಮಾದರಿಯೊಂದಿದೆ. ಅದರ ಹೆಸರೇ ನಮ್ಮ ವಿಷಯವನ್ನು ಹೇಳುತ್ತದೆ. ಡಿ.ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ ಎಂಟು ಸಂಪುಟಗಳ ಗ್ರಂಥ. ದಿವಾನರಿಗೆ ಒಂದು ಸಂಪುಟ, ಸಾಹಿತ್ಯೋಪಾಸಕರಿಗೆ ಒಂದು, ಗಾಯಕರು ನರ್ತಕಿಯರು ಮೊದಲಾದ ಕಲೋಪಾಸಕರಿಗೆ ಒಂದು. ಇವು ಪ್ರಸಿದ್ಧರ ಚಿತ್ರಗಳಾದವು. ನನಗೆ ಹೆಚ್ಚು ಪ್ರಿಯವಾದವು ‘ವೈದಿಕಧರ್ಮ ಸಂಪ್ರದಾಯಸ್ಥರು’ ಮತ್ತು ‘ಹೃದಯಸಂಪನ್ನರು’ ಎಂಬ ಸಂಪುಟಗಳು. ಚರಿತ್ರೆಯ ಯಾವ ಪುಸ್ತಕದಲ್ಲಿಯೂ ಹೆಸರು ಬರಲಾರದ ಮನುಷ್ಯರು ಅಲ್ಲಿ ನಡೆದಾಡುತ್ತಾರೆ. ಮುಳಬಾಗಿಲು, ಕೋಲಾರ, ಬೆಂಗಳೂರುಗಳ ನೂರು ವರ್ಷ ಹಿಂದಿನ ಜನಜೀವನ, ಅಂದರೆ ಊಟ, ಸಾಲ, ಜಗಳ, ಸಂಗೀತದ ಗೀಳು, ಕೊಟ್ಟ ಮಾತಿಗಾಗಿ ಪಟ್ಟ ಪಾಡು, ಎಲ್ಲವೂ ವ್ಯಕ್ತಿಗಳ ಮೂಲಕ ಬರುತ್ತದೆ. ಡಿ.ವಿ.ಜಿ. ಹೊಗಳುವುದಿಲ್ಲವೆಂದಲ್ಲ, ಧಾರಾಳವಾಗಿಯೇ ಹೊಗಳುತ್ತಾರೆ. ಆದರೆ ಹೊಗಳಿಕೆಗೆ ಮುನ್ನ ಆ ಮನುಷ್ಯ ಕುಳಿತ ಬಗೆ, ಆಡಿದ ಮಾತು, ಹಾಸ್ಯ, ಹಟ ಎಲ್ಲವನ್ನೂ ಮುಂದಿಡುತ್ತಾರೆ. ಓದುಗನು ತನ್ನ ತೀರ್ಮಾನವನ್ನು ತಾನೇ ಮಾಡಿಕೊಳ್ಳಬಹುದು. ನಮ್ಮ ಸಂಚಿಕೆಗಳ ಮೊಮ್ಮಕ್ಕಳು ತೀರ್ಮಾನವನ್ನು ಮಾತ್ರ ಕೊಡುತ್ತಾರೆ.

ಡಿ.ವಿ.ಜಿ. ಅವರಲ್ಲಿ ಎಲ್ಲವೂ ಇದೆಯೆಂದು ನಾನು ಹೇಳುತ್ತಿಲ್ಲ. ಅವರ ಚಿತ್ರಶಾಲೆಯ ಗೋಡೆಗಳಿಗೂ ಮಿತಿಯುಂಟು; ಅವರು ಓಡಾಡಿದ ಬೀದಿಗಳು, ಕುಳಿತ ಜಗಲಿಗಳು ಯಾವುವೋ ಅವುಗಳ ಜನವೇ ಅಲ್ಲಿದ್ದಾರೆ. ಗ್ರಂಥವನ್ನು ಅಪರಾಧಿಯೆಂದು ನಿಲ್ಲಿಸಲು ಇದು ಸಾಕಾದ ಕಾರಣವಲ್ಲ. ಒಬ್ಬನ ಜ್ಞಾಪಕ ಒಬ್ಬನದೇ. ಒಂದು ಸೀಮೆಗೆ ಹತ್ತು ಜ್ಞಾಪಕಗಳು ಬೇಕು. ಅವು ಒಂದನ್ನೊಂದು ಒಪ್ಪದಿದ್ದರೆ ಇನ್ನೂ ಒಳ್ಳೆಯದು. ಮುಳುಗಡೆಯ ಮನೆತನವೊಂದರ ಅಕ್ಕತಂಗಿಯರಿಬ್ಬರು, ನೀರು ಅಂಗಳಕ್ಕೆ ಬಂದದ್ದು ಹಗಲಿನಲ್ಲಿ ಎಂದು ಒಬ್ಬರು, ನಡುರಾತ್ರಿ ಎಂದು ಇನ್ನೊಬ್ಬರು ಹೇಳಿದರು. ಸಂಪಾದಕರು ಕಂಗಾಲಾಗಿ ಯಾವುದನ್ನು ಇಟ್ಟುಕೊಳ್ಳಲಿ ಎಂದು ನನ್ನನ್ನು ಕೇಳಿದರು. ಎರಡನ್ನೂ ಇಟ್ಟುಕೊಳ್ಳಿ, ಯಾರು ಹೇಳಿದ್ದೆಂದು ಬರೆಯಿರಿ ಎಂದೆ. ಕೊನೆಗೆ ಅವರು ಎರಡನ್ನೂ ಬಿಟ್ಟು “ಕಾಲಾನುಕ್ರಮದಲ್ಲಿ ಗ್ರಾಮವು ಜಲಾವೃತವಾಯಿತು” ಎಂದು ಅಚ್ಚುಹಾಕಿಸಿದರು. ಹೆಂಗಸರಿಬ್ಬರ ಎದೆಯಲ್ಲಿ ಅರವತ್ತು ವರ್ಷ ಉಳಿದುಬಂದ ನೀರು ಆ ಒಂದು ವಾಕ್ಯದಲ್ಲಿ ಇಂಗಿಹೋಯಿತು.

ಪಟ ತೆಗೆಯುವವನಿಗೆ ಮನುಷ್ಯರ ಹೆಸರು ಬೇಡವಾದಾಗ ಏನಾಗುತ್ತದೆಂಬುದನ್ನು ಬಾಸೆಲ್ ಮಿಶನ್ನಿನ ಸಂಗ್ರಹದಲ್ಲಿ ಕಾಣಬಹುದು. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್ನಿನವರು ದಕ್ಷಿಣ ಕನ್ನಡ, ಕೊಡಗು, ಧಾರವಾಡ ಸೀಮೆಗಳಲ್ಲಿ ತೆಗೆದ, ತೆಗೆಸಿದ ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿ ಭದ್ರವಾಗಿವೆ. ಭದ್ರತೆಯ ಮಾತಿಗೆ ಬಂದರೆ ನಮ್ಮ ಯಾವ ಟ್ರಂಕೂ ಅದಕ್ಕೆ ಸಮನಲ್ಲ. ಆದರೆ ಎಷ್ಟೋ ಪಟಗಳಲ್ಲಿ ಹೆಸರಿರುವುದು ಪಾದ್ರಿಗೆ; ಪಕ್ಕದಲ್ಲಿ ನಿಂತವರು ಜಾತಿಯ ಹೆಸರಿನಿಂದಲೋ ಕಸುಬಿನ ಹೆಸರಿನಿಂದಲೋ ಮಾತ್ರ ಗುರುತಿಸಲ್ಪಟ್ಟಿದ್ದಾರೆ. ಪರದೇಶದವರು ಹೀಗೆ ಮಾಡಿದರೆಂದು ನಾವು ಮೂಗು ಮುರಿಯುವುದು ಬೇಡ. ನಮ್ಮ ಸಂಚಿಕೆಗಳ ‘ಮನೆಯ ಆಳುಮಗ’ ಎಂಬ ಒಕ್ಕಣೆಗೂ ಅದಕ್ಕೂ ಏನು ಭೇದ?

ಈಚಿನ ಪ್ರಯತ್ನಗಳಲ್ಲಿ 2010ರಲ್ಲಿ ಅನೂಷಾ ಯಾದವ್ ಎಂಬುವರು ಆರಂಭಿಸಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಗಮನಾರ್ಹವಾದದ್ದು. ಮನೆಯ ಹಳೆಯ ಪಟವನ್ನು ಅದರ ಕಥೆಯೊಡನೆ ಮನೆಯವರಿಂದಲೇ ಪಡೆದು ಸಂಗ್ರಹಿಸುವುದು ಅದರ ಕ್ರಮ. ಕಥೆಯಿಲ್ಲದ ಪಟಕ್ಕೆ ಅಲ್ಲಿ ಬೆಲೆಯಿಲ್ಲ. ಇದು ಸರಿಯಾದ ದಾರಿ. ಆದರೆ ಅದು ಇಂಗ್ಲಿಷ್ ಬಲ್ಲ ಮನೆಗಳಿಗೆ ಸುಲಭವಾದ ದಾರಿ. ಹವಿಗನ್ನಡದಲ್ಲಿ, ದೀವರ ಮಾತಿನಲ್ಲಿ, ಕರೂರು ಸೀಮೆಯ ಕೊಂಕಣಿಯಲ್ಲಿ ಅಜ್ಜಿಯರು ಹೇಳುವುದನ್ನು ಅವರು ಹೇಳಿದಂತೆಯೇ ಬರೆದುಕೊಳ್ಳುವ ಕೆಲಸ ನಮ್ಮದು, ಬೇರೆಯವರು ಮಾಡಿಕೊಡಲಾರರು.

ಮುಳುಗಡೆಯ ಮಾತು ಬಂದ ಮೇಲೆ ನಾ. ಡಿಸೋಜ ಅವರನ್ನು ನೆನೆಯದಿರುವುದು ಸಾಧ್ಯವಿಲ್ಲ. ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿ, ಶರಾವತಿಯ ಯೋಜನೆಯನ್ನು ಒಳಗಿನಿಂದ ಕಂಡವರು ಅವರು. 2025ರ ಜನವರಿಯಲ್ಲಿ ತೀರಿಕೊಂಡರು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು, ಮಕ್ಕಳಿಗಾಗಿ ಬರೆದ ‘ಮುಳುಗಡೆಯ ಊರಿಗೆ ಬಂದವರು’ ಎಲ್ಲಕ್ಕೂ ಈ ನೀರೇ ವಸ್ತು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲಚ್ಚಿತ್ರ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ನಗರದ ಓದುಗರಾದ ನಮ್ಮಲ್ಲಿ ಅನೇಕರಿಗೆ ಶರಾವತಿಯ ಮುಳುಗಡೆಯೆಂದರೆ ಇಂದು ಆ ಚಿತ್ರದ ಮಳೆ, ಆ ಚಿತ್ರದ ದೋಣಿ. ಇದರಲ್ಲಿ ಒಂದು ಅಪಾಯವಿದೆ. ಕಾದಂಬರಿಕಾರರು ತಮ್ಮ ಕೆಲಸವನ್ನು ಮಾಡಿದ್ದಾರೆ. ಒಂದು ಮನೆಯನ್ನು, ಅದರೊಳಗಿನ ಒಬ್ಬ ಹೆಣ್ಣನ್ನು ಹಿಡಿದು ಎಲ್ಲ ಮನೆಗಳ ಸಂಕಟವನ್ನು ಕಾಣಿಸಿದ್ದಾರೆ. ಅಷ್ಟರಿಂದ ಎಲ್ಲ ಮನೆಗಳ ಲೆಕ್ಕ ತೀರಿತೆಂದು ನಾವು ನೆಮ್ಮದಿಯಾದರೆ ತಪ್ಪು ನಮ್ಮದು. ಕಾದಂಬರಿಗೆ ಒಂದು ಮನೆ ಸಾಕು, ಚರಿತ್ರೆಗೆ ಸಾಲದು.

ಇದೆಲ್ಲ ಭಾವುಕರ ಹವ್ಯಾಸ, ಹೊಟ್ಟೆಗೆ ಹಿಟ್ಟು ಕೊಡುವ ವಿಷಯವಲ್ಲ ಎನ್ನುವವರಿದ್ದಾರೆ. ಅಂಥವರಿಗೆ ಕಾನೂನಿನ ಪುಸ್ತಕವನ್ನೇ ತೋರಿಸಬೇಕಾಗುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ರಚಿತವಾದ ನಿಯಮಗಳಲ್ಲಿ ಹಕ್ಕನ್ನು ಸ್ಥಾಪಿಸಲು ಒಪ್ಪತಕ್ಕ ಸಾಕ್ಷ್ಯಗಳ ಪಟ್ಟಿಯಿದೆ. ಸರ್ಕಾರಿ ದಾಖಲೆಗಳ ಜತೆಗೆ ಬಾವಿ, ಸ್ಮಶಾನ, ಪವಿತ್ರಸ್ಥಳಗಳಂಥ ಪಾರಂಪರಿಕ ಕುರುಹುಗಳು ಅಲ್ಲಿವೆ, ವಂಶಾವಳಿಯಿದೆ. ಅರ್ಜಿದಾರನಲ್ಲದ ಹಿರಿಯರು ಹೇಳಿ ಬರೆಯಿಸಿದ ಹೇಳಿಕೆಯೂ ಇದೆ. ಅಜ್ಜಿಯ ಮಾತಿಗೆ ಸರ್ಕಾರವೇ ಸಾಕ್ಷ್ಯದ ಸ್ಥಾನ ಕೊಟ್ಟಿದೆಯೆಂದಾಯಿತು. ಆದರೆ ಶರಾವತಿಯವರ ಪಾಡು ವಿಚಿತ್ರ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲಸಿದ್ದನ್ನು ತೋರಿಸಬೇಕೆಂದು ಕಾಯಿದೆ ಹೇಳುತ್ತದೆ. 1960ರ ದಶಕದಲ್ಲಿ ಮನೆ ಕಳೆದುಕೊಂಡು ಕಾಡಿನ ಅಂಚಿಗೆ ಬಂದು ಬಿದ್ದವರು ಹೊಸ ನೆಲದಲ್ಲಿ 75 ವರ್ಷವನ್ನು ಎಲ್ಲಿಂದ ತರಬೇಕು? ಅವರ ತಲೆಮಾರುಗಳೆಲ್ಲ ಹಳೆಯ ನೆಲದಲ್ಲಿ. ಹಳೆಯ ನೆಲದ ಬಾವಿ, ಸ್ಮಶಾನ, ದೇವರ ಬನಗಳೆಲ್ಲ ನೀರಿನಲ್ಲಿ. ಹಕ್ಕುಪತ್ರಕ್ಕಾಗಿ ಈ ಸಂತ್ರಸ್ತರು ದಶಕಗಳಿಂದ ಕಚೇರಿಗಳಿಗೆ ಅಲೆದದ್ದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಹಳೆಯ ಮದುವೆಯ ಪಟ, ಅದರ ಬೆನ್ನಿನ ಊರಿನ ಹೆಸರು, ಅದನ್ನು ಬಲ್ಲ ಮುದುಕಿಯ ಹೇಳಿಕೆ, ಇವುಗಳಿಂದ ನಾಳೆಯೇ ಜಮೀನು ಬರುತ್ತದೆಂದು ನಾನು ಹೇಳಲಾರೆ. ಆದರೆ ಇವರು ಎಲ್ಲಿಂದಲೋ ಬಂದು ಕಾಡು ಕಡಿದವರಲ್ಲ, ಇಂಥ ಊರಿನಿಂದ ಎಬ್ಬಿಸಲ್ಪಟ್ಟವರು ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ರುಜುವಾತು ಇವರ ಕೈಯಲ್ಲಿ ಬೇರೆ ಯಾವುದಿದೆ?

ಪಟವನ್ನು ಉಳಿಸುವ ಬಗೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಮಲೆನಾಡಿನ ಮಳೆಗೆ ಮನುಷ್ಯರೇ ಬೂಸಲು ಹಿಡಿಯುತ್ತಾರೆ, ಇನ್ನು ಕಾಗದವೆಷ್ಟರದು! ಹಳೆಯ ಕಪ್ಪುಬಿಳುಪಿನ ಪಟದ ಮೇಲಿರುವುದು ಜೆಲಟಿನ್ ಎಂಬ ಅಂಟಿನ ಪದರ. ತೇವಕ್ಕೆ ಅದು ಉಬ್ಬುತ್ತದೆ, ಕಟ್ಟಿನ ಗಾಜಿಗೆ ಅಂಟಿಕೊಳ್ಳುತ್ತದೆ. ಕಿತ್ತರೆ ಅಜ್ಜನ ಮುಖ ಗಾಜಿನಲ್ಲಿ ಉಳಿದು ಕೋಟು ಮಾತ್ರ ಕೈಗೆ ಬರುತ್ತದೆ. ಅಂಟಿದ್ದನ್ನು ಕೀಳದೆ ಗಾಜಿನ ಸಹಿತ ನಕಲು ತೆಗೆಸಬೇಕು. ಅಂಟುಹಾಳೆಯ ಆಲ್ಬಮುಗಳಿಂದ ಆಗಿರುವ ಹಾನಿ ಗೆದ್ದಲಿನಿಂದ ಆದದ್ದಕ್ಕೆ ಕಡಮೆಯಲ್ಲ. 1970–80ರ ದಶಕಗಳ ಬಣ್ಣದ ಪಟಗಳಾದರೋ ಅಜ್ಜನ ಕಾಲದ ಕಪ್ಪುಬಿಳುಪಿಗಿಂತ ಮೊದಲೇ ಮಾಸಿ ಕೆಂಪಾಗುತ್ತಿವೆ. ಬೆನ್ನಿನ ಮೇಲೆ ಬರೆಯುವವರು ಮೆತುವಾದ ಸೀಸದಕಡ್ಡಿಯಿಂದ, ಒತ್ತದೆ ಬರೆಯಬೇಕು. ಬಾಲ್‌ಪೆನ್ನು ಮುಂಬದಿಗೆ ಗೆರೆಯಾಗಿ ಮೂಡುತ್ತದೆ. ಸ್ಕ್ಯಾನ್ ಮಾಡಿಸುವವರು ಮುಂಬದಿಯೊಡನೆ ಹಿಂಬದಿಯನ್ನೂ ಮಾಡಿಸಬೇಕು. ಸ್ಟುಡಿಯೋದ ಮೊಹರು, ತಾರೀಖು, ಯಾರೋ ಯಾರಿಗೋ ಬರೆದ ಒಂದು ಸಾಲು ಎಲ್ಲವೂ ಇರುವುದು ಅಲ್ಲಿಯೇ. ಮೊಬೈಲಿನಲ್ಲಿ ಮುಖವನ್ನಷ್ಟೇ ಹಿಡಿದು ವಾಟ್ಸ್ಯಾಪಿನಲ್ಲಿ ಹಂಚಿ, ಮೂಲವನ್ನು ಗುಜರಿಗೆ ಹಾಕುವುದನ್ನು ಕಂಡು ನನಗೆ ಮೈ ಉರಿದಿದೆ. ಅಂಚನ್ನಂತೂ ಯಾವ ಕಾರಣಕ್ಕೂ ಕತ್ತರಿಸಕೂಡದು.

ಬರೆಯುವವರಿಗೆ ನಾನು ಕೇಳುವುದು ಹೆಚ್ಚೇನೂ ಇಲ್ಲ. ಅಜ್ಜನ ಗುಣಗಳ ಬದಲಿಗೆ ಅಜ್ಜನ ಒಂದು ದಿನವನ್ನು ಬರೆಯಲಿ. ಧರ್ಮಪತ್ನಿಯರಿಗೆ ಅವರವರ ಹೆಸರನ್ನು, ತವರೂರನ್ನು ಕೊಡಲಿ. ಹೇಳಿದವರು ಯಾರು, ಯಾವ ವಯಸ್ಸಿನಲ್ಲಿ ಕಂಡದ್ದನ್ನು ಹೇಳುತ್ತಿದ್ದಾರೆ ಎಂದು ತಿಳಿಸಲಿ. ಕಂಬದ ಪಕ್ಕದಲ್ಲಿ ನಿಂತವನ ಹೆಸರು ಗೊತ್ತಿದ್ದರೆ ಬರೆಯಲಿ. ಗೊತ್ತಿಲ್ಲದಿದ್ದರೆ ಅವನ ಮೊಮ್ಮಕ್ಕಳು ಯಾವ ಊರಿನಲ್ಲಿದ್ದಾರೆಂದು ಹುಡುಕಿಕೊಂಡು ಹೋಗಿ ಒಂದು ಪ್ರತಿಯನ್ನು ಅವರಿಗೂ ಕೊಡಲಿ. ಅವರ ಮನೆಯಲ್ಲಿ ಅವನದು ಬೇರೆ ಪಟ ಇಲ್ಲದಿರಬಹುದು.

2025ರ ಜುಲೈಯಲ್ಲಿ ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆ ತೆರೆಯಿತು. ಹಿನ್ನೀರಿನಾಚೆಯ ತುಮರಿಯವರಿಗೆ ಅರವತ್ತು ವರ್ಷಗಳ ತರುವಾಯ ಲಾಂಚಿಗೆ ಕಾಯದೆ ಈಚೆಗೆ ಬರುವ ಅನುಕೂಲವಾಯಿತು. ಸಿಗಂದೂರಿಗೆ ಹೋಗುವ ಯಾತ್ರಿಕರ ಬಸ್ಸುಗಳೂ ಅದರ ಮೇಲೆಯೇ ಹೋಗುತ್ತವೆ. ಸೇತುವೆಯ ನಡುವೆ ಇಳಿದು ನೀರನ್ನು ಹಿನ್ನೆಲೆಗಿಟ್ಟುಕೊಂಡು ಫೋಟೋ ತೆಗೆದುಕೊಳ್ಳುವವರು ಬಹಳ. ಬೇಸಗೆಯಲ್ಲಿ ಮಟ್ಟ ತೀರ ಇಳಿದ ವರ್ಷಗಳಲ್ಲಿ ಹಿರೇಭಾಸ್ಕರ ಅಣೆಕಟ್ಟೆ ನೀರಿನಿಂದ ಮೇಲೆದ್ದು ಕಾಣುತ್ತದೆ. ಗಣೇಶ ಅಯ್ಯರ್ ಎಂಬ ಎಂಜಿನಿಯರ್ ರೂಪಿಸಿದ ಸೈಫನ್ನುಗಳೂ ಕಾಣುತ್ತವೆ. ಅದನ್ನು ನೋಡಲೆಂದು ದೂರದ ಊರುಗಳಿಂದ ಜನ ಬರುತ್ತಾರೆ. ಕಟ್ಟೆಯನ್ನು ಯಾರು ಕಟ್ಟಿಸಿದರು, ಯಾವ ತಂತ್ರದಿಂದ ಎಂಬುದೆಲ್ಲ ಪುಸ್ತಕಗಳಲ್ಲಿದೆ. ಅದರ ಆಸುಪಾಸಿನಲ್ಲಿ ಮುಳುಗಿದ ತೋಟಗಳಲ್ಲಿ ಯಾವುದು ಯಾರದಾಗಿತ್ತು, ಅಲ್ಲಿ ದುಡಿದವರು ಯಾರು ಎಂದು ಬೆರಳಿಟ್ಟು ಹೇಳಬಲ್ಲವರು ಸಾಗರ, ಹೊಸನಗರ, ಶಿವಮೊಗ್ಗಗಳ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಈ ಬೇಸಗೆಯ ರಜೆಯಲ್ಲಿ ನನ್ನ ವಿದ್ಯಾರ್ಥಿಗಳಲ್ಲಿ ಆರು ಮಂದಿ, ಪಟಗಳ ನಕಲನ್ನೂ ಒಂದೊಂದು ನೋಟುಪುಸ್ತಕವನ್ನೂ ಹಿಡಿದು, ಅವರ ಬಳಿಗೆ ಹೋಗಲಿದ್ದಾರೆ.